ಹಳೆಯ ಫ್ರೇಮಿಗೆ ಹೊಸ ಬ್ರೇಕು

ಸೈಕಲ್ಲಿನ ಬ್ರೇಕ್ ಕ್ಯಾಲಿಪರ್ ಎಂದರೆ ಮೂಲತಃ ಒಂದು ಇಕ್ಕಳ. ಹಿಡಿಕೆ ಒತ್ತಿದಾಗ ತಂತಿ ಎಳೆಯುತ್ತದೆ, ಇಕ್ಕಳದ ಎರಡು ತೋಳುಗಳು ಒಳಕ್ಕೆ ಬರುತ್ತವೆ, ತೋಳಿನ ತುದಿಯ ಬ್ರೇಕ್ ರಬ್ಬರುಗಳು ರಿಮ್ಮಿನ ಎರಡೂ ಪಕ್ಕವನ್ನು ಅಮುಕುತ್ತವೆ. ಕೈ ಸಡಿಲಿಸಿದರೆ ಸ್ಪ್ರಿಂಗು ತೋಳುಗಳನ್ನು ಮತ್ತೆ ಅಗಲಿಸುತ್ತದೆ. ಕೆಲಸ ಇಷ್ಟೇ. ಆದರೆ ಈ ಇಕ್ಕಳ ಇಡಿಯಾಗಿ ಫ್ರೇಮಿನ ಒಂದೇ ತೂತಿಗೆ ಜೋತುಬಿದ್ದಿರುತ್ತದೆ. ಆ ತೂತಿನಿಂದ ರಿಮ್ಮಿಗೆ ಎಷ್ಟು ದೂರ, ತೂತು ಕೊರೆದ ಜಾಗ ಎಷ್ಟು ದಪ್ಪ, ತಂತಿ ಯಾವ ಕಡೆಯಿಂದ ಬರುತ್ತದೆ, ಹಿಡಿಕೆ ಎಷ್ಟು ತಂತಿ ಎಳೆಯುತ್ತದೆ ಎಂಬ ನಾಲ್ಕು ಲೆಕ್ಕ ಕೂಡಿಬಂದಾಗಲೇ ಬ್ರೇಕು ಹಿಡಿಯುತ್ತದೆ. ಹಳೆಯ ಟ್ರಯಥ್ಲಾನ್ ಅಥವಾ ಟೈಮ್ ಟ್ರಯಲ್ ಫ್ರೇಮಿಗೆ ಹೊಸ ಕ್ಯಾಲಿಪರ್ ಕೂಡಿಸುವಾಗ ಕೈಕೊಡುವುದು ಸಾಮಾನ್ಯವಾಗಿ ಈ ನಾಲ್ಕರಲ್ಲಿ ಒಂದು. ಕಂಪನಿಯ ಹೆಸರು, ಬೆಲೆ ಎರಡೂ ಆಮೇಲಿನ ಮಾತು.

ವಿಜಯಪುರ, ಬಾಗಲಕೋಟೆ ಸೀಮೆ ಕರ್ನಾಟಕದ ಸೈಕಲ್ ಓಟದ ತವರು. ವಿಜಯಪುರ ನಗರದಲ್ಲಿ ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯ ಕ್ರೀಡಾ ವಸತಿ ನಿಲಯವಿದೆ. ಅಲ್ಲಿ ಸೈಕ್ಲಿಂಗ್ ಕಲಿಯುವ ಮಕ್ಕಳು ಬೆಳಗಿನ ಜಾವ ರಸ್ತೆಗಿಳಿಯುತ್ತಾರೆ. ನಗರದ ಪಶ್ಚಿಮಕ್ಕೆ ತಿಕೋಟಾ, ನೈರುತ್ಯಕ್ಕೆ ಬಬಲೇಶ್ವರ. ಎರಡೂ ಈಗ ತಾಲ್ಲೂಕು ಕೇಂದ್ರಗಳು, ಎರಡೂ ಒಂದು ಬೆಳಗಿನಲ್ಲಿ ಹೋಗಿ ಬರುವಷ್ಟು ದೂರ. ಗುಡ್ಡಗಳ ಕಾಟವಿಲ್ಲದ ಬಯಲು, ಉದ್ದನೆಯ ನೇರ ರಸ್ತೆ, ಎದುರು ಗಾಳಿ: ಗಡಿಯಾರದ ಜತೆ ಓಡುವವರಿಗೆ ಇದಕ್ಕಿಂತ ಒಳ್ಳೆಯ ಅಂಕಣ ಸಿಗುವುದು ಕಷ್ಟ. ಈಜು, ಸೈಕಲ್, ಓಟ ಮೂರೂ ಕೂಡಿದ ಟ್ರಯಥ್ಲಾನ್ ಈ ಭಾಗಕ್ಕೆ ಹೊಸತಾದರೂ ಗಡಿಯಾರದ ವಿರುದ್ಧ ಒಬ್ಬೊಬ್ಬರಾಗಿ ಓಡುವ ಟೈಮ್ ಟ್ರಯಲ್ ಇಲ್ಲಿನ ಹುಡುಗರಿಗೆ ಕೈಬಳಕೆಯ ಮಾತು. ಎರಡಕ್ಕೂ ಬಳಸುವ ಸೈಕಲ್ಲು ಒಂದೇ ಜಾತಿಯದು. ಸವಾರ ಮುಂದಕ್ಕೆ ಬಾಗಿ ಮೊಣಕೈಗಳನ್ನು ಊರಿ ಕೂರುವ ಹ್ಯಾಂಡಲ್, ಗಾಳಿಯನ್ನು ಸೀಳಲು ಚಪ್ಪಟೆ ಮಾಡಿದ ಕೊಳವೆಗಳು, ಆ ಕೊಳವೆಗಳ ಮರೆಯಲ್ಲಿ ಅಡಗಿದ ಬ್ರೇಕು.

ಇಂಥ ಹೊಸ ಸೈಕಲ್ಲಿಗೆ ಲಕ್ಷಗಟ್ಟಲೆ ರೂಪಾಯಿ ಬೇಕು. ಹಾಗಾಗಿ ಒಬ್ಬ ಸವಾರ ರೈಲ್ವೆಯಲ್ಲೋ ಸೈನ್ಯದಲ್ಲೋ ನೌಕರಿ ಹಿಡಿದ ಮೇಲೆ ಅವನ ಫ್ರೇಮು ಊರಿನ ಇನ್ನೊಬ್ಬನ ಕೈಗೆ ಬರುವುದು ರೂಢಿ. ಫ್ರೇಮಿಗೆ ಮುಪ್ಪು ಬೇಗ ಬರುವುದಿಲ್ಲ. ಕ್ಯಾಲಿಪರಿಗೆ ಬರುತ್ತದೆ. ತೋಳು ತಿರುಗುವ ಅಚ್ಚಿನಲ್ಲಿ ಧೂಳು ಸೇರಿ ಸವೆಯುತ್ತದೆ, ಸ್ಪ್ರಿಂಗು ಸೋಲುತ್ತದೆ, ಬೆವರಿನ ಉಪ್ಪು ಬೋಲ್ಟನ್ನು ತಿನ್ನುತ್ತದೆ, ನಲವತ್ತು ಡಿಗ್ರಿ ದಾಟುವ ಬಿಸಿಲಿಗೆ ರಬ್ಬರು ಗಟ್ಟಿಯಾಗಿ ಹೊಳಪು ಕಟ್ಟುತ್ತದೆ. ಆಗ ಶುರುವಾಗುತ್ತದೆ ಹೊಸ ಕ್ಯಾಲಿಪರಿನ ಹುಡುಕಾಟ.

ಈ ಫ್ರೇಮುಗಳು ಹುಟ್ಟಿದ ಬಗೆ ಗೊತ್ತಿದ್ದರೆ ಅವುಗಳ ಬ್ರೇಕಿನ ವಿಚಿತ್ರಗಳು ಅರ್ಥವಾಗುತ್ತವೆ. ಹವಾಯಿಯಲ್ಲಿ ಮೊದಲ ಐರನ್‌ಮ್ಯಾನ್ ಟ್ರಯಥ್ಲಾನ್ ಸ್ಪರ್ಧೆ ನಡೆದದ್ದು 1978ರಲ್ಲಿ. ಆಗ ಸವಾರರು ತಂದದ್ದು ಸಾಮಾನ್ಯ ರಸ್ತೆ ಸೈಕಲ್ಲುಗಳನ್ನೇ. 1987ರ ಸುಮಾರಿಗೆ ಮೊಣಕೈ ಊರುವ ಏರೋ ಹ್ಯಾಂಡಲ್ ಬಂತು. 1989ರ ಟೂರ್ ಡಿ ಫ್ರಾನ್ಸಿನ ಕೊನೆಯ ದಿನ, 24.5 ಕಿ.ಮೀ. ಟೈಮ್ ಟ್ರಯಲ್‌ನಲ್ಲಿ ಅಂಥ ಹ್ಯಾಂಡಲ್ ಹಿಡಿದು ಓಡಿಸಿದ ಗ್ರೆಗ್ ಲೆಮಾಂಡ್, ಲೊರಾಂ ಫಿನ್ಯೋನನನ್ನು ಒಟ್ಟಾರೆ 8 ಸೆಕೆಂಡಿನಿಂದ ಹಿಂದಿಕ್ಕಿ ಪಂದ್ಯ ಗೆದ್ದ. ಅದೇ ವರ್ಷ ಅಮೆರಿಕದ ಕ್ವಿಂಟಾನಾ ರೂ ಕಂಪನಿ ಟ್ರಯಥ್ಲಾನಿಗೆಂದೇ ಮಾಡಿದ ಸೈಕಲ್ಲನ್ನು ಮಾರುಕಟ್ಟೆಗೆ ತಂದಿತು. ಸೀಟು ಮುಂದೆ ಸರಿದಿತ್ತು, ಗಾಲಿ ಚಿಕ್ಕದಾಗಿತ್ತು.

ಆ ಚಿಕ್ಕ ಗಾಲಿಯ ಹೆಸರು 650ಸಿ. ತೊಂಬತ್ತರ ದಶಕದ ಟ್ರಯಥ್ಲಾನ್ ಫ್ರೇಮುಗಳಲ್ಲಿ ಇದು ಬಹಳ ಕಂಡುಬರುತ್ತದೆ. ಟಯರಿನ ಅಂಚು ಕೂರುವ ಜಾಗದಲ್ಲಿ ಇದರ ವ್ಯಾಸ 571 ಮಿ.ಮೀ. ಇಂದಿನ ರಸ್ತೆ ಸೈಕಲ್ಲಿನ 700ಸಿ ಗಾಲಿಗೆ ಅದೇ ಅಳತೆ 622. ಮಾತಿನಲ್ಲಿ 650ಸಿಯನ್ನು ‘26 ಇಂಚು’ ಎಂದು ಕರೆಯುವುದುಂಟು. ಗೊಂದಲಕ್ಕೆ ಇಷ್ಟು ಸಾಕು. ಮೌಂಟನ್ ಬೈಕಿನ 26 ಇಂಚಿಗೆ ಆ ವ್ಯಾಸ 559 ಮಿ.ಮೀ. ಇಂಚಿನ ಲೆಕ್ಕದಲ್ಲಿ ಒಂದೇ, ಮಿಲಿಮೀಟರಿನಲ್ಲಿ ಬೇರೆ. ಒಂದರ ಟಯರು ಇನ್ನೊಂದಕ್ಕೆ ಕೂಡುವುದಿಲ್ಲ, ಒಂದರ ರಿಮ್ಮಿಗೆ ಕೂಡಿಸಿದ ಬ್ರೇಕ್ ರಬ್ಬರು ಇನ್ನೊಂದರ ರಿಮ್ಮನ್ನು ಸರಿಯಾಗಿ ಹಿಡಿಯುವುದಿಲ್ಲ. ಹಳ್ಳಿಗಳಲ್ಲಿ ಇನ್ನೂ ಕಾಣುವ ರಾಡ್ ಬ್ರೇಕಿನ 28 ಇಂಚಿನ ಕರಿ ಸೈಕಲ್ಲಿನದು 635 ಮಿ.ಮೀ. ಅದರ ಬ್ರೇಕು ರಿಮ್ಮಿನ ಪಕ್ಕವನ್ನು ಹಿಡಿಯುವುದೂ ಇಲ್ಲ, ಒಳಮೈಗೆ ಮೇಲ್ಮುಖವಾಗಿ ಒತ್ತುತ್ತದೆ. ಅಂಗಡಿಯ ಗೋಡೆಗೆ ತೂಗುಹಾಕಿದ ಬ್ರೇಕುಗಳಲ್ಲಿ ಕಣ್ಣಳತೆಯಿಂದ ಒಂದನ್ನು ಆರಿಸುವುದು ಏಕೆ ಸಲ್ಲದು ಎಂಬುದಕ್ಕೆ ಈ ನಾಲ್ಕು ಸಂಖ್ಯೆಗಳೇ ಸಾಕ್ಷಿ.

ಮೊದಲ ಅಳತೆ ‘ರೀಚ್’, ಎಂದರೆ ಎಟುಕು. ಕ್ಯಾಲಿಪರಿನ ನಡು ಬೋಲ್ಟಿನಿಂದ ರಬ್ಬರಿನ ನಡುವಿಗಿರುವ ದೂರ. ಪ್ರತಿ ತೋಳಿನ ತುದಿಯಲ್ಲಿ ಉದ್ದನೆಯ ಸೀಳೊಂದಿದ್ದು ರಬ್ಬರನ್ನು ಅದರಲ್ಲಿ ಮೇಲೆ ಕೆಳಗೆ ಸರಿಸಬಹುದು. ಹಾಗಾಗಿ ಎಟುಕನ್ನು ಎರಡು ಸಂಖ್ಯೆಗಳಲ್ಲಿ ಹೇಳುತ್ತಾರೆ. ರೇಸಿಂಗ್ ಸೈಕಲ್ಲಿನ ಗಿಡ್ಡ ಎಟುಕಿನ ಕ್ಯಾಲಿಪರ್ 39ರಿಂದ 49 ಮಿ.ಮೀ., ಮಧ್ಯಮ ಎಟುಕಿನದು 47ರಿಂದ 57, ಉದ್ದ ಎಟುಕಿನದು ಸುಮಾರು 55ರಿಂದ 73. ಹಳೆಯ ಟ್ರಯಥ್ಲಾನ್ ಫ್ರೇಮುಗಳಲ್ಲಿ ಬಹುಪಾಲಿಗೆ ಗಿಡ್ಡ ಎಟುಕೇ ಸರಿ. ಗಾಲಿ ಚಿಕ್ಕದಾದ್ದರಿಂದ ಬ್ರೇಕೂ ಬೇರೆಯೇ ಇರಬೇಕು ಎಂದು ಹಲವರು ತಿಳಿಯುತ್ತಾರೆ, ಹಾಗೇನಿಲ್ಲ. 650ಸಿ ಫ್ರೇಮನ್ನು ಮಾಡಿದವರು ಗಾಲಿಗೆ ತಕ್ಕಂತೆ ತೂತನ್ನೂ ಕೆಳಗಿಳಿಸಿರುತ್ತಾರೆ.

ಅಳೆಯುವ ಕ್ರಮ ಹೀಗೆ. ಗಾಲಿಯನ್ನು ಫ್ರೇಮಿನ ಕಚ್ಚಿನಲ್ಲಿ ಪೂರ್ತಿ ಕೂಡಿಸಿ ಬಿಗಿಯಬೇಕು. ಅರ್ಧ ಕೂತ ಗಾಲಿ ಎರಡು ಮಿಲಿಮೀಟರು ಸುಳ್ಳು ಹೇಳುತ್ತದೆ. ಹಳೆಯ ಕ್ಯಾಲಿಪರನ್ನು ಬಿಚ್ಚಿದರೆ ಫೋರ್ಕಿನ ನೆತ್ತಿಯಲ್ಲಿ 6 ಮಿ.ಮೀ. ತೂತು ಕಾಣುತ್ತದೆ, ಅದರ ಸುತ್ತ ಹಳೆಯ ಬ್ರೇಕು ಒರಗಿ ಕೂತಿದ್ದ ದುಂಡನೆಯ ಕಲೆ. ತೂತಿನ ನಡುವಿನಿಂದ ಉಕ್ಕಿನ ಸ್ಕೇಲನ್ನು ನೇರ ಕೆಳಕ್ಕೆ ಹಿಡಿದು, ರಿಮ್ಮಿನ ಪಕ್ಕದಲ್ಲಿ ರಬ್ಬರು ಉಜ್ಜಿ ಹೊಳೆಯುವ ಪಟ್ಟಿಯ ನಡುವಿನ ಮಟ್ಟಕ್ಕೆ ಎಷ್ಟಾಯಿತೆಂದು ನೋಡಬೇಕು. ಸ್ಕೇಲನ್ನು ರಿಮ್ಮಿನ ಪಕ್ಕಕ್ಕೆ ಓರೆಯಾಗಿ ಹಿಡಿಯಬಾರದು. 20 ಮಿ.ಮೀ. ಅಗಲದ ರಿಮ್ಮಿನಲ್ಲಿ ನಿಜದ 44, ಓರೆ ಅಳತೆಯಲ್ಲಿ 45 ಆಗುತ್ತದೆ. ಒಂದು ಮಿಲಿಮೀಟರೇನು ಮಹಾ ಎನ್ನುವಂತಿಲ್ಲ, ಸೀಳಿನ ಒಟ್ಟು ಓಡಾಟವೇ ಹತ್ತು ಮಿಲಿಮೀಟರು. ಮುಂದೆ ಅಳೆದದ್ದು ಹಿಂದಕ್ಕೂ ಆದೀತೆಂದು ಬಿಡದೆ ಹಿಂದಿನದನ್ನೂ ಬೇರೆಯಾಗಿಯೇ ಅಳೆಯಬೇಕು.

ಸಂಖ್ಯೆ 40ರಿಂದ 48ರೊಳಗೆ ಬಂದರೆ ಗಿಡ್ಡ ಎಟುಕಿನ ಯಾವುದೇ ಕ್ಯಾಲಿಪರ್ ನೆಮ್ಮದಿಯಿಂದ ಕೂಡುತ್ತದೆ. ಸಂಖ್ಯೆ 49 ಬಂದಲ್ಲಿ ರಬ್ಬರು ಸೀಳಿನ ಕಟ್ಟಕಡೆಗೆ ಹೋಗಿ ಕೂರುತ್ತದೆ. ಅಂಥ ಫ್ರೇಮಿಗೆ ಮಧ್ಯಮ ಎಟುಕಿನದನ್ನು ತರುವುದೇ ಮೇಲು. ಎಟುಕು ತಪ್ಪಿದರೆ ಆಗುವ ಅನಾಹುತ ಎರಡು ಬಗೆಯದು. ರಬ್ಬರು ಮೇಲಾದರೆ ಟಯರಿನ ಪಕ್ಕೆಗೆ ಉಜ್ಜಿ ಅದನ್ನು ಹರಿಯುತ್ತದೆ, ವೇಗದಲ್ಲಿದ್ದಾಗ ಟಯರು ಸಿಡಿಯುತ್ತದೆ. ಕೆಳಗಾದರೆ ಜೋರಾಗಿ ಹಿಡಿದ ಹೊತ್ತಿಗೆ ರಿಮ್ಮಿನ ಅಡಿಗೆ ಜಾರಿ ಕಡ್ಡಿಗಳಿಗೆ ಸಿಕ್ಕಿಕೊಳ್ಳುತ್ತದೆ. ಸಾಮಾನ್ಯ ಸೈಕಲ್ಲಿನ ಉಕ್ಕಿನ ಉದ್ದ ತೋಳಿನ ಬ್ರೇಕನ್ನು ರೇಸಿಂಗ್ ಫ್ರೇಮಿಗೆ ಹಾಕಿದಾಗ ಆಗುವುದು ಎರಡನೆಯದೇ.

650ಸಿ ಟಯರು ಸಿಗುವುದಿಲ್ಲವೆಂದು ಫ್ರೇಮಿಗೆ ಬೇರೆ ಗಾಲಿ ಹಾಕುವ ಯೋಚನೆ ಕೆಲವರಿಗೆ ಬರುತ್ತದೆ. ಲೆಕ್ಕ ಸರಳ. 622ರಲ್ಲಿ 571 ಕಳೆದು ಎರಡರಿಂದ ಭಾಗಿಸಿದರೆ 25.5 ಮಿ.ಮೀ. ಗಾಲಿ ಬದಲಾಯಿಸಿದರೆ ರಿಮ್ಮು ಅಷ್ಟು ಮೇಲೇರುತ್ತದೆ. ದೊಡ್ಡ ಗಾಲಿ 650ಸಿ ಫೋರ್ಕಿನೊಳಗೆ ಹೋಗುವುದೇ ಇಲ್ಲ. ತಿರುವುಮುರುವಾಗಿ 700ಸಿ ಫ್ರೇಮಿಗೆ ಚಿಕ್ಕ ಗಾಲಿ ಹಾಕಿದರೆ 44ರ ಎಟುಕು ಏಕಾಏಕಿ 69.5 ಆಗುತ್ತದೆ. ಉದ್ದ ತೋಳಿನ ಬ್ರೇಕು ಹಾಕಿ ಹೇಗೋ ನಿಲ್ಲಿಸಬಹುದಾದರೂ ಪೆಡಲು ನೆಲಕ್ಕೆ ಒಂದು ಇಂಚು ಹತ್ತಿರವಾಗಿ ತಿರುವಿನಲ್ಲಿ ತಗಲುತ್ತದೆ. ಫ್ರೇಮು ಯಾವ ಗಾಲಿಗೆ ಹುಟ್ಟಿದೆಯೋ ಅದೇ ಗಾಲಿಯಲ್ಲಿರಲಿ.

ಎರಡನೆಯದು ಬೋಲ್ಟು. 1980ರ ಆಚೀಚಿನವರೆಗೂ ಕ್ಯಾಲಿಪರಿನ ಬೋಲ್ಟು ಫೋರ್ಕಿನ ಆಚೆ ಬದಿಗೆ ಹೊರಬಂದು, ಅಲ್ಲಿ ವಾಷರು ಹಾಕಿ ಪಾನಾದಿಂದ ತಿರುಗಿಸುವ ಮಾಮೂಲಿ ನಟ್ಟಿನಲ್ಲಿ ಮುಗಿಯುತ್ತಿತ್ತು. ಆಮೇಲೆ ಬಂದದ್ದು ಒಳಸೇರುವ ನಟ್ಟು. ನೋಡಲು ಸಣ್ಣ ಕೊಳವೆಯಂತಿರುವ ಇದು ಹಿಂಬದಿಯ 8 ಮಿ.ಮೀ. ತೂತಿನೊಳಗೆ ಹೊಕ್ಕು ಗಿಡ್ಡ ಬೋಲ್ಟನ್ನು ಒಳಗೇ ಕಚ್ಚಿಕೊಳ್ಳುತ್ತದೆ, 5 ಮಿ.ಮೀ. ಅಲೆನ್ ಕೀಲಿಯಿಂದ ಬಿಗಿಯುವಂಥದು. ಟ್ರಯಥ್ಲಾನ್ ಫ್ರೇಮುಗಳು ಈ ಪದ್ಧತಿ ಬಂದ ಮೇಲೆ ಹುಟ್ಟಿದ್ದರಿಂದ ತೂತಿನ ಅಳತೆಯಲ್ಲಿ ತೊಡಕು ಕಡಿಮೆ. ತೊಡಕು ಇರುವುದು ನಟ್ಟಿನ ಉದ್ದದಲ್ಲಿ. ಗಾಳಿ ಸೀಳಲೆಂದು ಆಳವಾಗಿ ಮಾಡಿದ ಕಾರ್ಬನ್ ಫೋರ್ಕಿನ ನೆತ್ತಿ ಹಳೆಯ ಉಕ್ಕಿನ ಫೋರ್ಕಿಗಿಂತ ಬಹಳ ದಪ್ಪ. ಹೊಸ ಕ್ಯಾಲಿಪರಿನ ಡಬ್ಬಿಯಲ್ಲಿ ಬರುವ ನಟ್ಟು ಅಷ್ಟು ಆಳದಲ್ಲಿರುವ ಬೋಲ್ಟನ್ನು ಮುಟ್ಟುವುದಿಲ್ಲ, ಅಥವಾ ಎರಡು ಸುತ್ತು ಕಚ್ಚಿ ‘ಬಿಗಿಯಾಯಿತು’ ಎಂಬ ಭ್ರಮೆ ಹುಟ್ಟಿಸುತ್ತದೆ. ಈ ನಟ್ಟುಗಳು 10ರಿಂದ 32 ಮಿ.ಮೀ.ವರೆಗೆ ಹಲವು ಉದ್ದಗಳಲ್ಲಿ ಬಿಡಿಯಾಗಿ ಸಿಗುತ್ತವೆ. ಬೋಲ್ಟು 6 ಮಿ.ಮೀ. ದಪ್ಪದ್ದು, ಒಂದು ಸುತ್ತಿಗೆ ಒಂದು ಮಿ.ಮೀ. ಸರಿಯುತ್ತದೆ. ಕನಿಷ್ಠ ಆರು ಸುತ್ತು ಕಚ್ಚಿರಲೇಬೇಕು, ಎಂಟಾದರೆ ನಿಶ್ಚಿಂತೆ. ಸುತ್ತುಗಳನ್ನು ಬೆರಳಿನಿಂದ ತಿರುಗಿಸುತ್ತ ಎಣಿಸಿಕೊಳ್ಳುವುದಕ್ಕೆ ಅರ್ಧ ನಿಮಿಷ ಸಾಕು. ಇಡೀ ಕೆಲಸದಲ್ಲಿ ಜೀವಕ್ಕೆ ಅತಿ ಹತ್ತಿರವಾದ ಅರ್ಧ ನಿಮಿಷ ಅದು.

ಕೂಡದೇ ಇದ್ದಾಗ ರಿಪೇರಿ ಅಂಗಡಿಯಲ್ಲಿ ಕೇಳಿಬರುವ ಮಾತು ‘ಸ್ವಲ್ಪ ಕಾನಸು ಹೊಡದ್ರ ಕೂಡತೈತ್ರಿ’ ಎಂಬುದು. ಉಕ್ಕಿನ ಫ್ರೇಮಿನಲ್ಲಿ ಆ ಮಾತಿಗೆ ಬೆಲೆಯಿದೆ. ತೀರ ಹಳೆಯ ಉಕ್ಕಿನ ಫೋರ್ಕಿನ ಹಿಂಬದಿಯ ತೂತನ್ನು 8 ಮಿ.ಮೀ.ಗೆ ಹಿಗ್ಗಿಸಿ ಹೊಸ ನಟ್ಟು ಹಾಕುವುದು ಎಲ್ಲ ಕಡೆ ಬಳಕೆಯಲ್ಲಿರುವ ಪದ್ಧತಿ. ಕಾರ್ಬನ್ ಫ್ರೇಮಿಗೆ ಕಾನಸೂ ಡ್ರಿಲ್ಲೂ ಹತ್ತಿರ ಸುಳಿಯಬಾರದು. ನೂಲಿನ ಪದರ ಕಡಿದುಹೋದ ಕಾರ್ಬನ್, ಬಿರುಕನ್ನು ತೋರಿಸದೆ ಬಹಳ ದಿನ ಸುಮ್ಮನಿದ್ದು ಒಮ್ಮೆಗೇ ಮುರಿಯುತ್ತದೆ.

ಹಿಂದಿನ ಬ್ರೇಕಿನದು ಬೇರೆಯೇ ಕಥೆ. ರಸ್ತೆ ಸೈಕಲ್ಲಿನಲ್ಲಿ ಅದು ಸೀಟಿನ ಕೆಳಗೆ, ಹಿಂದಿನ ಗಾಲಿಗೆ ಇಳಿಯುವ ಜೋಡಿ ಕೊಳವೆಗಳ ನಡುವಿನ ಸೇತುವೆಯಲ್ಲಿರುತ್ತದೆ. ಅನೇಕ ಟ್ರಯಥ್ಲಾನ್ ಫ್ರೇಮುಗಳಲ್ಲಿಯೂ ಅಲ್ಲೇ ಇದೆ. ಅಂಥ ಫ್ರೇಮು ಸಿಕ್ಕವರು ಅದೃಷ್ಟವಂತರು. ಇನ್ನು ಕೆಲವುಗಳಲ್ಲಿ ಗಾಳಿಗೆ ಸಿಗದಂತೆ ಪೆಡಲಿನ ಅಚ್ಚಿನ ಹಿಂದೆ, ಕೆಳಗಿನ ಕೊಳವೆಗಳ ಅಡಿಯಲ್ಲಿ ಬಚ್ಚಿಟ್ಟಿರುತ್ತಾರೆ. ಗಾಳಿಯ ಲೆಕ್ಕದಲ್ಲಿ ಜಾಣತನ, ಎರಿ ಮಣ್ಣಿನ ನಾಡಿನಲ್ಲಿ ತಲೆನೋವು. ಅಲ್ಲಿ ಕ್ಯಾಲಿಪರ್ ತೆಳ್ಳಗಿರಬೇಕು. ತೋಳು ಎರಡು ಮಿಲಿಮೀಟರು ಉಬ್ಬಿದ್ದರೂ ಪೆಡಲಿನ ಕ್ರ್ಯಾಂಕಿಗೆ ಬಡಿಯುತ್ತದೆ, ಇಲ್ಲವೇ ಬ್ರೇಕು ಬಿಟ್ಟಾಗ ತೋಳು ತೆರೆಯಲು ಜಾಗವಿರುವುದಿಲ್ಲ. ಕೊಳ್ಳುವ ಮೊದಲು ಕ್ರ್ಯಾಂಕನ್ನು ಒಂದು ಸುತ್ತು ನಿಧಾನ ತಿರುಗಿಸಿ ಹಳೆಯ ಕ್ಯಾಲಿಪರಿಗೂ ಅದಕ್ಕೂ ನಡುವೆ ಎಷ್ಟು ಸಂದು ಉಳಿಯುತ್ತದೆಂದು ನೋಡಿಟ್ಟುಕೊಳ್ಳಬೇಕು.

ತಂತಿಯ ದಾರಿಯೂ ಇಲ್ಲೇ ಅಡ್ಡ ಬರುತ್ತದೆ. ಸಾಮಾನ್ಯ ಕ್ಯಾಲಿಪರಿಗೆ ತಂತಿ ಒಂದು ಪಕ್ಕದಿಂದ ಬಂದು ಸೇರುತ್ತದೆ. ಗಾಳಿಗೆಂದು ಮಾಡಿದ ಕೆಲವು ಕ್ಯಾಲಿಪರುಗಳಲ್ಲಿ, ಟ್ರೈರಿಗ್ ಕಂಪನಿಯ ಒಮೆಗಾ ಇದ್ದಂತೆ, ತಂತಿ ನಡು ನೆತ್ತಿಗೇ ಬಂದು ಒಳಗಿನ ಬೆಣೆಯನ್ನು ಎಳೆಯುತ್ತದೆ. ಫ್ರೇಮಿನ ಒಳಗಿನಿಂದ ತಂತಿ ಹೊರಬರುವ ತೂತು ಎಡಕ್ಕಿದೆಯೋ ಬಲಕ್ಕಿದೆಯೋ ನಡುವಿಗೋ ಎಂಬುದನ್ನು ಮೊದಲೇ ನೋಡಿ ಅದಕ್ಕೊಪ್ಪುವುದನ್ನು ಆರಿಸಬೇಕು. ತಂತಿಯನ್ನು ಬಲವಂತವಾಗಿ ಬಾಗಿಸಿ ಕೂಡಿಸಿದರೆ ಮೊದಮೊದಲು ಬ್ರೇಕು ಹಿಡಿಯುತ್ತದೆ, ಆದರೆ ಬಿಡುವುದಿಲ್ಲ. ಬಾಗಿದ ಕಡೆ ತಂತಿ ಉಜ್ಜಿ ತೋಳುಗಳು ಪೂರ್ತಿ ಹಿಂದೆ ಸರಿಯುವುದಿಲ್ಲ. ಸವಾರನಿಗೆ ಗೊತ್ತಾಗದಂತೆ ರಬ್ಬರು ರಿಮ್ಮಿಗೆ ತಗಲಿಕೊಂಡೇ ಇರುತ್ತದೆ. ಗಾಳಿಯಲ್ಲಿ ಉಳಿಸಿದ ಸೆಕೆಂಡುಗಳೆಲ್ಲ ರಬ್ಬರಿಗೆ ಹೋಗುತ್ತವೆ.

ಕೆಲವು ಫೋರ್ಕುಗಳಲ್ಲಿ ಮುಂದಿನ ಕ್ಯಾಲಿಪರೂ ಫೋರ್ಕಿನ ಬೆನ್ನಿಗೆ, ಹಿಂಬದಿಯಲ್ಲಿ ಕೂತಿರುತ್ತದೆ. ಇಲ್ಲಿ ನೋಡಬೇಕಾದ್ದು ಎರಡು. ಹ್ಯಾಂಡಲ್ ಪೂರ್ತಿ ತಿರುಗಿಸಿದಾಗ ಕ್ಯಾಲಿಪರ್ ಫ್ರೇಮಿನ ಕೊಳವೆಗೆ ತಗಲಬಾರದು. ಇನ್ನೊಂದು ಸೂಕ್ಷ್ಮವಾದದ್ದು. ರೇಸಿಂಗ್ ಕ್ಯಾಲಿಪರಿನ ರಬ್ಬರು ಒಂದು ಲೋಹದ ಮನೆಯೊಳಗೆ ಜಾರಿ ಕೂರುತ್ತದೆ. ಆ ಮನೆಗೆ ಒಂದು ತುದಿ ಮುಚ್ಚಿದೆ, ಇನ್ನೊಂದು ತೆರೆದಿದೆ. ರಿಮ್ಮು ಯಾವ ದಿಕ್ಕಿಗೆ ಓಡುತ್ತದೋ ಆ ತುದಿ ಮುಚ್ಚಿದ್ದಾಗಿರಬೇಕು, ಏಕೆಂದರೆ ಬ್ರೇಕು ಹಿಡಿದಾಗ ರಿಮ್ಮು ರಬ್ಬರನ್ನು ಆ ಕಡೆಗೇ ಸೆಳೆಯುತ್ತದೆ. ಮಾಮೂಲಿ ಕ್ಯಾಲಿಪರನ್ನು ತಿರುಗಿಸಿ ಫೋರ್ಕಿನ ಹಿಂದೆ ಹಾಕಿದರೆ ಈ ಮನೆಗಳ ದಿಕ್ಕೂ ತಿರುಗುತ್ತದೆ. ಎಡದ್ದನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ ಬದಲಿಸದಿದ್ದರೆ ಮೊದಲ ಜೋರು ಹಿಡಿತಕ್ಕೇ ರಬ್ಬರು ಮನೆ ಬಿಟ್ಟು ಹಾರಿಹೋಗಬಹುದು.

ಇನ್ನು ಹಿಡಿಕೆ. ಕ್ಯಾಲಿಪರನ್ನು ಮಾತ್ರ ಬದಲಿಸಿ ಹಿಡಿಕೆಯನ್ನು ಹಾಗೇ ಬಿಡುವುದು ನಮ್ಮಲ್ಲಿ ಹೆಚ್ಚು. ಟೈಮ್ ಟ್ರಯಲ್ ಹ್ಯಾಂಡಲಿನ ಕೊಂಬಿನ ತುದಿಗೆ ಸಿಕ್ಕಿಸುವ ಬ್ರೇಕ್ ಹಿಡಿಕೆ ಬಿಡಿಯಾಗಿ ಸುಲಭಕ್ಕೆ ಸಿಗುವುದಿಲ್ಲ. ಆದರೆ ಜಪಾನಿನ ಶಿಮಾನೊ ಕಂಪನಿ 2008ರಲ್ಲಿ ತೋರಿಸಿದ ಡ್ಯುರಾ ಏಸ್ 7900 ಸರಣಿಯಿಂದ ಹಿಡಿಕೆಯ ಎಳೆತದ ಲೆಕ್ಕವನ್ನೇ ಬದಲಿಸಿತು. ಹೊಸ ಹಿಡಿಕೆ ಮೊದಲಿನದಕ್ಕಿಂತ ಹೆಚ್ಚು ತಂತಿ ಎಳೆಯುತ್ತದೆ. ಅದಕ್ಕೆ ಹೊಂದುವ ಹೊಸ ಕ್ಯಾಲಿಪರ್ ಅಷ್ಟೇ ತಂತಿಗೆ ಕಡಿಮೆ ಚಲಿಸಿ ಹೆಚ್ಚು ಒತ್ತುತ್ತದೆ. ಹಳೆಯ ಜೋಡಿ ಹಳೆಯದರೊಂದಿಗೆ, ಹೊಸ ಜೋಡಿ ಹೊಸದರೊಂದಿಗೆ ಚೆನ್ನ. ಅದಲು ಬದಲಾದರೆ ಎರಡು ಪರಿಣಾಮ. ಹೊಸ ಹಿಡಿಕೆಗೆ ಹಳೆಯ ಕ್ಯಾಲಿಪರ್ ಹಾಕಿದರೆ ಕೈಗೆ ಗಟ್ಟಿ ಎನಿಸುತ್ತದೆ, ಸೈಕಲ್ಲು ಮಾತ್ರ ನಿಲ್ಲುವುದಿಲ್ಲ. ಇದು ಅಪಾಯದ ಜೋಡಿ. ಹಳೆಯ ಹಿಡಿಕೆಗೆ ಹೊಸ ಕ್ಯಾಲಿಪರ್ ಹಾಕಿದರೆ ಹಿಡಿತ ಬಲವಾಗುತ್ತದೆ, ಹಿಡಿಕೆ ಮೆತ್ತಗೆ ಬಹುದೂರ ಒಳಬರುತ್ತದೆ, ರಬ್ಬರನ್ನು ರಿಮ್ಮಿಗೆ ಅಂಟಿಕೊಂಡಷ್ಟು ಹತ್ತಿರ ಇಡಬೇಕಾಗುತ್ತದೆ. ಕಂಪನಿ ಇದನ್ನೂ ಒಪ್ಪುವುದಿಲ್ಲ. ಗಾಲಿ ಒಂದು ಕೂದಲು ಡೊಂಕಾದರೂ ಉಜ್ಜುತ್ತದೆ, ಹಳೆಯ ಗಾಲಿ ಡೊಂಕಿಲ್ಲದೆ ಇರುವುದಿಲ್ಲ.

ಈ ಕಾರಣಕ್ಕೆ ತೊಂಬತ್ತರ ದಶಕದ ಅಥವಾ ಎರಡು ಸಾವಿರದ ಮೊದಲ ವರ್ಷಗಳ ಫ್ರೇಮು, ಅದೇ ಕಾಲದ ಹಿಡಿಕೆ ಇದ್ದವರು ಅಂಗಡಿಯ ಅತಿ ಹೊಸ, ಅತಿ ದುಬಾರಿ ಕ್ಯಾಲಿಪರನ್ನು ಬಿಟ್ಟು ಹಳೆಯ ಎಳೆತಕ್ಕೆ ಮಾಡಿದ ಮಧ್ಯಮ ದರ್ಜೆಯದನ್ನು ಹುಡುಕುವುದು ಜಾಣತನ. ಎರಡು ಅಚ್ಚಿನ ಕ್ಯಾಲಿಪರ್ ತೊಂಬತ್ತರ ದಶಕದಿಂದ ಎಲ್ಲೆಡೆ ಬಳಕೆಗೆ ಬಂದಿದೆ. ಒಂದೇ ಅಚ್ಚಿನ ಹಳೆಯದಕ್ಕಿಂತ ಅದು ಕಡಿಮೆ ಬಲಕ್ಕೆ ಹೆಚ್ಚು ಹಿಡಿಯುತ್ತದೆ. ಒಂದು ಅಚ್ಚಿನದನ್ನು ಕಿತ್ತು ಎರಡು ಅಚ್ಚಿನದನ್ನು ಹಾಕಿದವರಿಗೆ ಮೊದಲ ದಿನವೇ ಅಂತರ ಗೊತ್ತಾಗುತ್ತದೆ. ಎಟುಕು, ನಟ್ಟು ಸರಿಬಂದರೆ ಹಳೆಯ ಫ್ರೇಮಿಗೆ ಕೊಡಬಹುದಾದ ಅತ್ಯುತ್ತಮ ಉಡುಗೊರೆ ಇದೇ.

ಇಟಲಿಯ ಕಂಪನ್ಯೊಲೊ ಕ್ಯಾಲಿಪರ್ ಸಿಕ್ಕರೆ ಒಂದು ಸಣ್ಣ ಎಚ್ಚರ. ಗಾಲಿ ಬಿಚ್ಚಲು ತೋಳುಗಳನ್ನು ಅಗಲಿಸುವ ಚಿಕ್ಕ ಕೀಲಿ ಶಿಮಾನೊದಲ್ಲಿ ಕ್ಯಾಲಿಪರಿನ ಮೇಲೇ ಇದೆ. ಕಂಪನ್ಯೊಲೊದವರು ಅದನ್ನು ಹಿಡಿಕೆಯಲ್ಲಿಟ್ಟಿದ್ದಾರೆ. ಬೇರೆ ಕಂಪನಿಯ ಟೈಮ್ ಟ್ರಯಲ್ ಹಿಡಿಕೆಗೆ ಅದನ್ನು ಜೋಡಿಸಿದರೆ ಕೀಲಿ ಎರಡೂ ಕಡೆ ಇರುವುದಿಲ್ಲ. ರಸ್ತೆ ಬದಿಯಲ್ಲಿ ಟಯರಿನ ಗಾಳಿ ಬಿಟ್ಟು ಗಾಲಿ ಎಳೆಯಬೇಕಾಗುತ್ತದೆ. ಪಂಕ್ಚರ್ ಆದ ಗಾಲಿಯಲ್ಲಿ ಗಾಳಿ ಹೇಗೂ ಇರುವುದಿಲ್ಲ. ತೊಂದರೆ ಬರುವುದು ಗಾಳಿ ತುಂಬಿದ ಗಾಲಿಯನ್ನು ಮತ್ತೆ ಹಾಕುವಾಗ.

ಅಗಲದ ಮಾತು ಈ ಹತ್ತು ಹದಿನೈದು ವರ್ಷಗಳಲ್ಲಿ ದೊಡ್ಡದಾಗಿದೆ. ಹಳೆಯ ರೇಸಿಂಗ್ ರಿಮ್ಮು ಹೊರಗಿನಿಂದ 19-20 ಮಿ.ಮೀ. ಇರುತ್ತಿತ್ತು, ಟಯರು 19ರಿಂದ 23. ಈಗಿನ ರಿಮ್ಮು 25 ದಾಟಿ 28ಕ್ಕೂ ಹೋಗುತ್ತದೆ, ಟಯರು 25, 28. ಹೊಸ ಕ್ಯಾಲಿಪರ್ ಆ ಅಗಲಕ್ಕೆ ತೆರೆದುಕೊಳ್ಳುತ್ತದೆ. ಫ್ರೇಮು ತೆರೆದುಕೊಳ್ಳುವುದಿಲ್ಲ. ಗಾಲಿಗೆ ಅಂಟಿಕೊಂಡಂತೆ ಬಾಗಿಸಿದ ಸೀಟಿನ ಕೊಳವೆ, ಇಕ್ಕಟ್ಟಾದ ಫೋರ್ಕು 23ರ ಟಯರಿಗೆಂದು ಮಾಡಿದವು. ತಿಕೋಟಾ ಕಡೆಯ ದ್ರಾಕ್ಷಿ ತೋಟಗಳಿಂದ, ಕಬ್ಬಿನ ಗದ್ದೆಗಳಿಂದ ಹೊರಬರುವ ಟ್ರ್ಯಾಕ್ಟರುಗಳು ಮಳೆಗಾಲದಲ್ಲಿ ಡಾಂಬರಿನ ಮೇಲೆ ಕರಿ ಎರಿ ಮಣ್ಣಿನ ಹೆಂಟೆಗಳನ್ನು ಉದುರಿಸಿ ಹೋಗುತ್ತವೆ. ಒದ್ದೆ ಎರಿ ಎಂದರೆ ಅಂಟು. ಅದು ಟಯರಿಗೆ ಹತ್ತಿ ಒಂದೆರಡು ಸುತ್ತಿನಲ್ಲಿ ಕ್ಯಾಲಿಪರಿನ ಅಡಿಗೆ ತುಂಬಿ, ಒಣಗಿದರೆ ಇಟ್ಟಿಗೆಯಾಗುತ್ತದೆ. ಟಯರಿಗೂ ಕ್ಯಾಲಿಪರಿನ ಹೊಟ್ಟೆಗೂ ನಡುವೆ ಕನಿಷ್ಠ 4 ಮಿ.ಮೀ. ಸಂದು ಉಳಿದರೆ ಇಲ್ಲಿನ ರಸ್ತೆಗೆ ಲೇಸು. ಬೆಂಗಳೂರಿನ ಸ್ವಚ್ಛ ಡಾಂಬರಿನಲ್ಲಿ ಎರಡು ಸಾಕಾದೀತು, ಇಲ್ಲಿ ಸಾಲದು.

ಕಾರ್ಬನ್ ರಿಮ್ಮು ಇದ್ದರೆ ಅದಕ್ಕೆಂದೇ ಮಾಡಿದ ರಬ್ಬರು ಬೇಕು. ಅಲ್ಯೂಮಿನಿಯಂ ರಿಮ್ಮಿನಲ್ಲಿ ಓಡಿಸಿದ ರಬ್ಬರಿನ ಮೈಗೆ ಲೋಹದ ಚೂರುಗಳು ಕಚ್ಚಿಕೊಂಡಿರುತ್ತವೆ. ಅದನ್ನೇ ಕಾರ್ಬನ್ನಿಗೆ ಹಾಕಿದರೆ ಮರಳು ಕಾಗದ ತಿಕ್ಕಿದಂತೆ.

ಇಲ್ಲಿಯವರೆಗಿನ ಮಾತೆಲ್ಲ ಒಂದು ತೂತಿನ ಫ್ರೇಮುಗಳದು. ಎರಡು ತೂತಿನವೂ ಇವೆ. ಶಿಮಾನೊ 2012ರಲ್ಲಿ ತಂದ ‘ಡೈರೆಕ್ಟ್ ಮೌಂಟ್’ ಬ್ರೇಕಿನಲ್ಲಿ ನಡು ಬೋಲ್ಟು ಇಲ್ಲ; ಎರಡು ತೋಳುಗಳೂ ಬೇರೆ ಬೇರೆ ಬೋಲ್ಟುಗಳಿಂದ ಫ್ರೇಮಿಗೇ ಕೂರುತ್ತವೆ. ಗಟ್ಟಿಯಾದ ಒಳ್ಳೆಯ ಪದ್ಧತಿ. ಆದರೆ ಒಂದು ತೂತಿನ ಕ್ಯಾಲಿಪರ್ ಇದಕ್ಕೂ, ಇದರ ಕ್ಯಾಲಿಪರ್ ಅದಕ್ಕೂ ಬರುವುದಿಲ್ಲ. ಹಿಂದಿನ ಬ್ರೇಕಿನಲ್ಲಿ ಸೀಟಿನ ಕಡೆಯದು, ಪೆಡಲ್ ಅಚ್ಚಿನ ಕಡೆಯದು ಎಂದು ಎರಡು ಬಗೆ ಬೇರೆ. ಬಳಸಿದ ಕ್ಯಾಲಿಪರನ್ನು ದೂರದಿಂದ ತರಿಸುವವರು ಮೊದಲು ಎಣಿಸಬೇಕಾದ್ದು ತೂತುಗಳನ್ನು.

ಅದಕ್ಕೂ ಕಠಿಣವಾದವು ತಮ್ಮದೇ ಬ್ರೇಕನ್ನು ಬಿಟ್ಟು ಬೇರೆಯದನ್ನು ಮುಟ್ಟದ ಫ್ರೇಮುಗಳು. ಟ್ರೆಕ್ ಕಂಪನಿಯ ಹಳೆಯ, ರಿಮ್ ಬ್ರೇಕಿನ ಸ್ಪೀಡ್ ಕಾನ್ಸೆಪ್ಟ್ ಫ್ರೇಮಿನ ಬ್ರೇಕು ಫೋರ್ಕಿನ ಆಕಾರದ ಒಂದು ಭಾಗವೇ ಆಗಿದೆ. 2012ರ ಸರ್ವೆಲೊ ಪಿ5 ಫ್ರೇಮಿಗೆ ಮಗುರಾ ಕಂಪನಿ ಮಾಡಿಕೊಟ್ಟದ್ದು ಎಣ್ಣೆಯ ಒತ್ತಡದಿಂದ ನಡೆಯುವ ಆರ್‌ಟಿ6 ರಿಮ್ ಬ್ರೇಕು. ಇಂಥದನ್ನು ಎರಡನೆಯ ಕೈಯಿಂದ ಕೊಳ್ಳುವಾಗ ಫ್ರೇಮಿನ ಜತೆ ಬ್ರೇಕಿನ ಪ್ರತಿಯೊಂದು ಸಣ್ಣ ತುಣುಕನ್ನೂ, ಮುಚ್ಚಳ, ವಾಷರು, ಉಳಿದ ರಬ್ಬರುಗಳನ್ನೂ ಕೇಳಿ ಪಡೆಯಬೇಕು. ಎಣ್ಣೆಯ ಬ್ರೇಕಿನಲ್ಲಿ ಮಗುರಾದವರು ಬಳಸುವುದು ಮಿನರಲ್ ಆಯಿಲ್. ಅದರೊಳಕ್ಕೆ ಮೋಟಾರು ಸೈಕಲ್ಲಿನ ಡಾಟ್ ಬ್ರೇಕ್ ಆಯಿಲ್ ಹಾಕಿದರೆ ಒಳಗಿನ ಸೀಲುಗಳು ಉಬ್ಬಿ ಹಾಳಾಗುತ್ತವೆ. ಸ್ರ್ಯಾಮ್ ಕಂಪನಿಯ ರಸ್ತೆ ಸೈಕಲ್ಲಿನ ಎಣ್ಣೆ ಬ್ರೇಕುಗಳದು ತಿರುಗಾಮುರುಗಾ, ಅವಕ್ಕೆ ಡಾಟ್ ಆಯಿಲ್ಲೇ ಬೇಕು. ಆ ಕಂಪನಿ ತನ್ನ ಮೊದಲ ಸರಣಿಯ ರಸ್ತೆ ಸೈಕಲ್ಲಿನ ಎಣ್ಣೆ ಬ್ರೇಕುಗಳನ್ನು, ರಿಮ್ಮಿನವನ್ನೂ ಡಿಸ್ಕಿನವನ್ನೂ, ಸೀಲಿನ ದೋಷಕ್ಕಾಗಿ 2013ರ ಡಿಸೆಂಬರಿನಲ್ಲಿ ವಾಪಸು ಕರೆಸಿಕೊಂಡಿತ್ತು. ಹಳೆಯ ಸೈಕಲ್ಲಿನ ಮೇಲೆ ಅಂಥ ಬ್ರೇಕು ಕಂಡರೆ ಯಾವ ವರ್ಷದ್ದೆಂದು ವಿಚಾರಿಸದೆ ಹತ್ತಬಾರದು.

ಹಳೆಯ ರಿಮ್ ಬ್ರೇಕಿನ ಫ್ರೇಮಿಗೆ ಡಿಸ್ಕ್ ಬ್ರೇಕ್ ಹಾಕಬಹುದೇ ಎಂಬ ಪ್ರಶ್ನೆ ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ 2018ರ ಜುಲೈನಲ್ಲಿ ರಸ್ತೆ ಓಟಗಳಲ್ಲಿ ಡಿಸ್ಕಿಗೆ ಪೂರ್ತಿ ಅನುಮತಿ ಕೊಟ್ಟ ಮೇಲೆ ಹೆಚ್ಚಾಗಿದೆ. ಹಾಕುವಂತಿಲ್ಲ. ಡಿಸ್ಕಿನ ಎಳೆತ ಫೋರ್ಕಿನ ಒಂದೇ ಕಾಲಿನ ತುದಿಗೆ ಬೀಳುತ್ತದೆ, ಹಳೆಯ ಫೋರ್ಕು ಅದಕ್ಕಾಗಿ ಮಾಡಿದ್ದಲ್ಲ. ಹಿಂದಿನ ಗಾಲಿಯ ಅಗಲವೂ ಹೊಂದುವುದಿಲ್ಲ. ಹಳೆಯದು 130 ಮಿ.ಮೀ., ಡಿಸ್ಕಿನದು 142.

ಅಳತೆಗಳೆಲ್ಲ ಒಪ್ಪಿದ ಮೇಲೆ ಕೂಡಿಸುವುದು ಒಂದು ಗಂಟೆಯ ಕೆಲಸ. ಮುಂದಿನದನ್ನು ಮೊದಲು ಮಾಡುವುದು ಒಳ್ಳೆಯದು. ನಿಲ್ಲಿಸುವ ಬಲದಲ್ಲಿ ಹೆಚ್ಚಿನ ಪಾಲು ಅದರದೇ, ಹಣ ಒಂದಕ್ಕೇ ಸಾಲುವಂತಿದ್ದರೆ ಒಳ್ಳೆಯ ಕ್ಯಾಲಿಪರ್ ಮುಂದೆ ಹೋಗಲಿ. ನಡು ಬೋಲ್ಟಿಗೆ 8ರಿಂದ 10 ನ್ಯೂಟನ್ ಮೀಟರ್ ಬಿಗಿ, ತಂತಿ ಹಿಡಿಯುವ ಬೋಲ್ಟಿಗೆ 6ರಿಂದ 8, ರಬ್ಬರಿನ ಬೋಲ್ಟಿಗೆ 5ರಿಂದ 7. ಅಳೆಯುವ ಪಾನಾ ಇಲ್ಲದವರಿಗೆ ನಡು ಬೋಲ್ಟಿನ ಬಿಗಿಗೆ ಒಂದು ಅಂದಾಜು: ಹತ್ತು ಸೆಂಟಿಮೀಟರು ಉದ್ದದ ಅಲೆನ್ ಕೀಲಿಯ ತುದಿಗೆ ಎಂಟು ಹತ್ತು ಕಿಲೊ ತೂಗಿದಷ್ಟು. ತಂತಿ, ಅದರ ಮೇಲಿನ ಕವಚ ಎರಡೂ ಹೊಸವಿರಲಿ. ಹಳೆಯ ಕವಚದೊಳಗೆ ಕೂತ ಧೂಳು ಹೊಸ ಕ್ಯಾಲಿಪರಿನ ಗುಣವನ್ನೆಲ್ಲ ನುಂಗಿಬಿಡುತ್ತದೆ.

ನಿಂತಲ್ಲೇ ಹಿಡಿಕೆಯನ್ನು ಇಪ್ಪತ್ತು ಸಲ ಬಲವಾಗಿ ಒತ್ತಿದರೆ ತಂತಿ ಎಳೆದುಕೊಂಡು ಕೂರುತ್ತದೆ. ಸಡಿಲವಾದಷ್ಟನ್ನು ಮತ್ತೆ ಬಿಗಿಯಬೇಕು. ಹಿಡಿಕೆ ಹ್ಯಾಂಡಲಿಗೆ ಮುಟ್ಟಬಾರದು. ಬ್ರೇಕು ಹಿಡಿದು ಸೈಕಲ್ಲನ್ನು ಹಿಂದಕ್ಕೂ ಮುಂದಕ್ಕೂ ಅಲುಗಿಸಿದಾಗ ಕ್ಯಾಲಿಪರ್ ತೂತಿನಲ್ಲಿ ತೊನೆದರೆ ನಟ್ಟು ಸಾಲದೆಂದೇ ಅರ್ಥ. ಮೊದಲ ಓಟ ನಗರದೊಳಗೆ ಬೇಡ, ಹೆದ್ದಾರಿಯಲ್ಲೂ ಬೇಡ. ಖಾಲಿ ರಸ್ತೆಯಲ್ಲಿ ನಿಧಾನಕ್ಕೆ ಹೋಗಿ ಹತ್ತಿಪ್ಪತ್ತು ಸಲ ಹಿಡಿದು ಬಿಟ್ಟರೆ ರಬ್ಬರಿನ ಹೊಸ ಮೆರುಗು ಹೋಗಿ ರಿಮ್ಮಿಗೆ ಒಗ್ಗುತ್ತದೆ. ಮರಳಿ ಬಂದ ಮೇಲೆ ರಬ್ಬರಿನ ಗುರುತು ರಿಮ್ಮಿನ ಪಟ್ಟಿಯೊಳಗೇ ಬಿದ್ದಿದೆಯೇ, ಟಯರಿನ ಪಕ್ಕೆಗೆ ಏನಾದರೂ ತಗಲಿದೆಯೇ ಎಂದು ನೋಡಬೇಕು. ವಾರದ ನಂತರ ಬೋಲ್ಟುಗಳನ್ನು ಇನ್ನೊಮ್ಮೆ ಮುಟ್ಟಿ ನೋಡಿದರೆ ಆಯಿತು.

ತನ್ನದೇ ಬ್ರೇಕು ಬೇಡುವ, ಆ ಬ್ರೇಕು ಎಲ್ಲೂ ಸಿಗದ ಫ್ರೇಮೊಂದು ಕೈಗೆ ಬಂದರೆ ಅದನ್ನು ರಸ್ತೆಗೆ ಇಳಿಸುವ ದಾರಿಯಿಲ್ಲ. ಮನೆಯೊಳಗೆ ಟ್ರೇನರ್ ಸ್ಟ್ಯಾಂಡಿಗೆ ಸಿಕ್ಕಿಸಿ ಮಳೆಗಾಲದ ಬೆಳಗುಗಳಲ್ಲಿ ಕಾಲು ಪಳಗಿಸಿಕೊಳ್ಳಲು ಅದು ಸಾಕು. ಅಲ್ಲಿ ಬ್ರೇಕಿನ ಕೆಲಸವಿಲ್ಲ.